ಮೊಹರಿನ ಉಂಗುರ ಮತ್ತು ಏಳು ವರ್ಷದ ಬೆರಳು: ಅರಸುಮಕ್ಕಳ ಕಥೆಯನ್ನು ನಾವು ಓದುವ ಬಗೆ

ಮೈಸೂರಿನ ಸರಸ್ವತೀಪುರಂನ ಮನೆಯೊಂದರಲ್ಲಿ ತಿಂಗಳಿಗೊಮ್ಮೆ ಸೇರಿ ಓದುವ ನಮ್ಮ ಸಣ್ಣ ಬಳಗದಲ್ಲಿ ಕಳೆದ ಬೇಸಿಗೆ ಒಂದು ಹಸ್ತಪ್ರತಿಯನ್ನು ಗಟ್ಟಿಯಾಗಿ ಓದಲಾಯಿತು. ಬಳಗದ ಯುವತಿಯೊಬ್ಬರು ಬರೆದ, ಇನ್ನೂ ಅಚ್ಚಾಗದ ಅದ್ಭುತ ಕಥೆ ಅದು. ನದಿಯ ನಡುಗಡ್ಡೆಯಲ್ಲೊಂದು ಕೋಟೆ, ದೊರೆ ತೀರಿಕೊಂಡಿದ್ದಾನೆ, ಉಳಿದವರು ಹನ್ನೊಂದು ವರ್ಷದ ಅಕ್ಕ, ಏಳು ವರ್ಷದ ತಮ್ಮ. ತಮ್ಮನಿಗೆ ಪಟ್ಟವಾಗುತ್ತದೆ, ಆಡಳಿತ ಮಂತ್ರಿಯ ಕೈಗೆ ಹೋಗುತ್ತದೆ. ಅಕ್ಕನಿಗೆ ನದಿಯ ಮಾತು ಕೇಳಿಸುತ್ತದೆ. ಬೇರೆ ಯಾರಿಗೂ ಕೇಳಿಸುವುದಿಲ್ಲ. ಮಳೆ ಕೈಕೊಟ್ಟ ವರ್ಷ ಬಯಲಿನ ರೈತರು ಕಂದಾಯ ಕಟ್ಟಲಾಗದೆ ತಿರುಗಿಬೀಳುತ್ತಾರೆ. ಅವರ ನಾಲೆಯ ತೂಬು ಮುಚ್ಚಬೇಕೆಂಬ ಆಜ್ಞೆಗೆ ದೊರೆಯ ಮೊಹರು ಬೀಳಬೇಕು. ತಂದೆಯ ಮೊಹರಿನ ಉಂಗುರ ಹುಡುಗನ ಬೆರಳಿಗೆ ತೀರ ದೊಡ್ಡದು, ಜಾರದಿರಲೆಂದು ಅದಕ್ಕೆ ನೂಲು ಸುತ್ತುತ್ತಾರೆ, ಅವನು ಒತ್ತುತ್ತಾನೆ. ಆ ರಾತ್ರಿ ತೂಬು ಎತ್ತಲು ಹೋದವನೊಬ್ಬನನ್ನು ಕಾವಲಿನವರು ಕೊಲ್ಲುತ್ತಾರೆ, ನದಿ ಅದನ್ನು ಅಕ್ಕನಿಗೆ ಹೇಳುತ್ತದೆ. ಅವಳು ತಮ್ಮನ ಕೈಹಿಡಿದು ಸುರಂಗದ ದಾರಿಯಿಂದ ಕೋಟೆ ಬಿಡುವಲ್ಲಿಗೆ ಕಥೆ ನಿಲ್ಲುತ್ತದೆ.

ಓದು ಮುಗಿದ ಮೇಲೆ ನಡೆದ ಚರ್ಚೆಯೇ ಈ ಬರಹಕ್ಕೆ ಕಾರಣ. ನಿವೃತ್ತ ಶಿಕ್ಷಕಿಯೊಬ್ಬರು ನೂಲು ಸುತ್ತಿದ ಉಂಗುರದ ಮಾತು ಬಂದಾಗಲೇ ಕಣ್ಣೊರೆಸಿಕೊಂಡಿದ್ದರು. ಅವರ ಪಾಲಿಗೆ ಅದು ತಂದೆಯಿಲ್ಲದ ಮಗುವಿನ ಕಥೆ. ಕಾನೂನು ಓದುತ್ತಿರುವ ಹುಡುಗನೊಬ್ಬ, ದೊರೆಮಕ್ಕಳನ್ನು ಮುಗ್ಧರೆಂದು ತೋರಿಸುವುದರಿಂದ ದೊರೆತನವೇ ಮುಗ್ಧವಾಗಿ ಕಾಣುತ್ತದೆ ಎಂದು ಬಲವಾಗಿ ಆಕ್ಷೇಪಿಸಿದ. ಅಜ್ಜಿಯ ಜೊತೆ ಬಂದಿದ್ದ ಒಂಬತ್ತರ ಹುಡುಗಿ, “ಅಜ್ಜಿ, ಅವನಿಗೆ ರಾತ್ರಿ ಯಾರು ಮಲಗಿಸ್ತಿದ್ರು?” ಎಂದು ಕೇಳಿದಳು. ಮದ್ದೂರಿನ ಕಡೆಯಿಂದ ಬರುವ ರೈತರೊಬ್ಬರು ಎಲ್ಲರ ಮಾತು ಮುಗಿಯುವವರೆಗೆ ಸುಮ್ಮನಿದ್ದು, “ಮೊಹರು ಒತ್ತಿಸ್ದೋರ್ ಯಾರು ಅನ್ನೋದ್ ಸರಿ ಕಣಮ್ಮ, ತೂಬು ಎತ್ತೋಕ್ ಹೋಗಿ ಸತ್ನಲ್ಲ, ಅವನ್ ಹೆಸ್ರೇ ಇಲ್ವಲ್ಲ ಕತೇಲಿ?” ಎಂದರು.

ಒಂದೇ ಕಥೆಗೆ ಇಷ್ಟು ಬೇರೆ ಬೇರೆ ಪ್ರತಿಕ್ರಿಯೆಗಳು ಬಂದರೆ ‘ಲೋಕೋ ಭಿನ್ನರುಚಿಃ’ ಎಂದು ಮಾತು ಮುಗಿಸುವುದು ವಾಡಿಕೆ. ಆದರೆ ಈ ನಾಲ್ವರೂ ರುಚಿಯ ಬಗ್ಗೆ ಜಗಳವಾಡಲಿಲ್ಲ. ಕಥೆ ಚೆನ್ನಾಗಿದೆಯೆಂದು ಎಲ್ಲರೂ ಒಪ್ಪಿದ್ದರು. ಅವರು ಬೇರೆಯಾದದ್ದು ತಾವು ಏನನ್ನು ನೋಡಿದೆವು ಎಂಬಲ್ಲಿ. ಆ ಬೇರ್ಪಡುವಿಕೆಯ ಬೇರು ಇಂತಹ ಕಥೆಗಳ ರಚನೆಯೊಳಗೇ ಇದೆ ಎಂಬುದು ನನ್ನ ಅಭಿಪ್ರಾಯ. ಅರಸುಮಗು ಏಕಕಾಲಕ್ಕೆ ಎರಡು ವಸ್ತು: ಅದು ಮಗು, ಅದೇ ಸಿಂಹಾಸನ. ಮಗುವಾಗಿ ಅದಕ್ಕೆ ನಿದ್ದೆ, ಹಸಿವು, ಭಯ ಇವೆ. ಸಿಂಹಾಸನವಾಗಿ ಅದಕ್ಕೆ ಮೊಹರು, ಕಂದಾಯ, ಸೈನ್ಯ ಇವೆ. ಮಗುವಿನ ಕೈಯಿಂದ ನಡೆದ ಕೆಲಸಕ್ಕೆ ಮಗುವನ್ನು ಹೊಣೆಯಾಗಿಸಲಾಗದು, ಸಿಂಹಾಸನವನ್ನು ಬಿಡಲೂ ಆಗದು. ಶಿಕ್ಷಕಿ ಬೆರಳನ್ನು ನೋಡಿದರು, ಕಾನೂನಿನ ವಿದ್ಯಾರ್ಥಿ ಉಂಗುರವನ್ನು ನೋಡಿದ, ರೈತರು ಆಜ್ಞೆ ತಲುಪಿದ ಜಾಗವನ್ನು ನೋಡಿದರು.

ಈ ಇಬ್ಬಗೆ ಮೈಸೂರು ಮಂಡ್ಯದ ಓದುಗರಿಗೆ ಬರೀ ಕಲ್ಪನೆಯಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ್ ಮಡಿದ ಮೇಲೆ, ಅದೇ ವರ್ಷದ ಜೂನ್ 30ರಂದು ಈಸ್ಟ್ ಇಂಡಿಯಾ ಕಂಪನಿಯವರು ಮೈಸೂರಿನಲ್ಲಿ ಪಟ್ಟಕ್ಕೆ ಕೂರಿಸಿದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಆಗಿನ್ನೂ ಐದು ತುಂಬಿರಲಿಲ್ಲ. ಅವರು ಹುಟ್ಟಿದ್ದು 1794ರ ಜುಲೈಯಲ್ಲಿ. ಹಳೆಯ ಅರಮನೆ ಹಾಳಾಗಿದ್ದುದರಿಂದ ಲಕ್ಷ್ಮೀರಮಣಸ್ವಾಮಿ ದೇವಾಲಯದ ಬಳಿ ಹಾಕಿದ ಚಪ್ಪರದಲ್ಲಿ ಪಟ್ಟಾಭಿಷೇಕ ನಡೆಯಿತೆಂದು ಹೇಳುತ್ತಾರೆ. ರಾಜವಂಶದ ಹಕ್ಕಿಗಾಗಿ ದಶಕಗಳ ಕಾಲ ಹೋರಾಡಿದ್ದ ರಾಣಿ ಲಕ್ಷ್ಮಮ್ಮಣ್ಣಿಯವರು ಬಾಲಕನ ಹಿಂದೆ ನಿಂತಿದ್ದರು. ಆಡಳಿತ ನಡೆಸಿದವರು ಪೂರ್ಣಯ್ಯನವರು. ಅದಕ್ಕೆ ಮುಂಚೆ ಅವರು ಟಿಪ್ಪುವಿನ ಆಡಳಿತದಲ್ಲಿ ಹಣಕಾಸಿನ ಹೊಣೆ ಹೊತ್ತಿದ್ದವರು. ಸೋತ ಸುಲ್ತಾನನ ಮಂತ್ರಿ ಗೆದ್ದವರ ಪರವಾಗಿ, ಹಳೆಯ ವಂಶದ ಮಗುವಿನ ಹೆಸರಿನಲ್ಲಿ ರಾಜ್ಯ ನಡೆಸಿದರು. ಕಲ್ಪಿತ ಕಥೆಯೊಂದರಲ್ಲಿ ಇಂತಹ ಸನ್ನಿವೇಶ ಬಂದರೆ ತೀರ ಹೆಣೆದದ್ದು ಎಂದು ನಾವು ತಳ್ಳಿಹಾಕುತ್ತಿದ್ದೆವೇನೋ.

ಆ ಬಾಲಕ ಬೆಳೆದು ಸ್ವತಃ ಆಳತೊಡಗಿದ ಮೇಲೆ, 1830ರಲ್ಲಿ ಮಲೆನಾಡಿನ ನಗರ (ಬಿದನೂರು) ಪ್ರಾಂತ್ಯದ ರೈತರು ಕಂದಾಯ ವಸೂಲಿಯ ಕ್ರಮ ಮತ್ತು ಅಧಿಕಾರಿಗಳ ಸುಲಿಗೆಯ ವಿರುದ್ಧ ಕೂಟಗಳನ್ನು ಕಟ್ಟಿಕೊಂಡು ಎದ್ದರು. ದಂಗೆಯನ್ನು ಹತ್ತಿಕ್ಕಲಾಯಿತು, ಆದರೆ ಅದನ್ನೇ ಕಾರಣವಾಗಿ ತೋರಿಸಿ ಕಂಪನಿ ಸರಕಾರ 1831ರಲ್ಲಿ ರಾಜ್ಯದ ಆಡಳಿತವನ್ನು ತನ್ನ ಕೈಗೆ ತೆಗೆದುಕೊಂಡಿತು. 1868ರಲ್ಲಿ ತೀರಿಕೊಳ್ಳುವವರೆಗೂ ಮುಮ್ಮಡಿಯವರಿಗೆ ಅದು ಮರಳಿ ಬರಲಿಲ್ಲ. 1865ರಲ್ಲಿ ಅವರು ದತ್ತು ತೆಗೆದುಕೊಂಡ ಎಳೆಯ ಮಗುವಾದ ಚಾಮರಾಜೇಂದ್ರ ಒಡೆಯರಿಗೆ 1881ರಲ್ಲಿ ರಾಜ್ಯ ಮರಳಿತು; ಅವರೂ 1894ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ಅಕಾಲಕ್ಕೆ ತೀರಿಕೊಂಡಾಗ, ಹತ್ತು ವರ್ಷದ ನಾಲ್ವಡಿ ಕೃಷ್ಣರಾಜ ಒಡೆಯರು ಪಟ್ಟಕ್ಕೆ ಬಂದರು, 1902ರವರೆಗೆ ತಾಯಿ ವಾಣಿವಿಲಾಸ ಸನ್ನಿಧಾನದವರು ರಾಜಪ್ರತಿನಿಧಿಯಾಗಿ ಆಳಿದರು. ಒಂದು ಶತಮಾನದೊಳಗೆ ಮೂರು ಸಲ ಈ ಊರು ಮಗುವೊಂದನ್ನು ದೊರೆಯಾಗಿ ಕಂಡಿತು. ಆದ್ದರಿಂದ ಇಲ್ಲಿನ ಓದುಗರಿಗೆ ಬಾಲರಾಜನ ಕಥೆ ಕೇಳಿದೊಡನೆ ಅದು ಪರಿಚಿತವೆನ್ನಿಸುವುದರಲ್ಲಿ ಆಶ್ಚರ್ಯವಿಲ್ಲ. ನವರಾತ್ರಿಯಲ್ಲಿ ಮನೆಮನೆಯ ಗೊಂಬೆ ಸಾಲಿನ ಮೇಲ್ಭಾಗದಲ್ಲಿ ಪಟ್ಟದ ಗೊಂಬೆಗಳನ್ನು ಕೂರಿಸಿ ಬೆಳೆದ ಮನಸ್ಸುಗಳಿವು.

ಪರಿಚಯವೇ ಓದನ್ನು ಒಂದು ಕಡೆಗೆ ವಾಲಿಸುತ್ತದೆ ಎಂಬುದನ್ನು ಜರ್ಮನಿಯ ವಿಮರ್ಶಕ ಹಾನ್ಸ್ ರಾಬರ್ಟ್ ಯೌಸ್ 1967ರಲ್ಲಿ ಕೊನ್‌ಸ್ಟಾಂಜ್ ವಿಶ್ವವಿದ್ಯಾಲಯದಲ್ಲಿ ನೀಡಿದ ಉಪನ್ಯಾಸದಲ್ಲಿ ವಿವರಿಸಿದರು. ಓದುಗ ಪುಸ್ತಕ ತೆರೆಯುವಾಗ ಖಾಲಿಯಾಗಿರುವುದಿಲ್ಲ; ಹಿಂದೆ ಓದಿದ್ದು, ಕೇಳಿದ್ದು, ಬದುಕಿದ್ದು ಎಲ್ಲ ಸೇರಿ ಅವನ ಮುಂದೆ ನಿರೀಕ್ಷೆಗಳ ದಿಗಂತವೊಂದು ಎದ್ದಿರುತ್ತದೆ, ಹೊಸ ಕೃತಿ ಅದರೊಳಗೆ ಕಾಣಿಸಿಕೊಳ್ಳುತ್ತದೆ ಅಥವಾ ಅದನ್ನು ಆಚೆಗೆ ತಳ್ಳುತ್ತದೆ ಎಂಬುದು ಅವರ ವಾದದ ತಿರುಳು. ನಮ್ಮ ಬಳಗದಲ್ಲಿ ಹಲವರು ಕಥೆಯ ಮಂತ್ರಿಯನ್ನು ಮೊದಲ ಪುಟದಿಂದಲೇ ಸಂಶಯದಿಂದ ನೋಡಿದರು. ಏಕೆಂದು ಕೇಳಿದಾಗ ಇಬ್ಬರ ಬಾಯಲ್ಲಿ ಬಂದ ಹೆಸರು ಚಂದ್ರಹಾಸನ ಕಥೆಯ ಮಂತ್ರಿ ದುಷ್ಟಬುದ್ಧಿಯದು.

ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಬರುವ ಚಂದ್ರಹಾಸನ ಕಥೆಯನ್ನು ಗಮಕದಲ್ಲೋ ಬಯಲಾಟದಲ್ಲೋ ಕೇಳಿ ಬೆಳೆದವರು ಈ ಭಾಗದಲ್ಲಿ ಇಂದಿಗೂ ಇದ್ದಾರೆ. ಕೇರಳದ ಅರಸನ ಮಗು ತಂದೆತಾಯಿಯನ್ನೂ ರಾಜ್ಯವನ್ನೂ ಕಳೆದುಕೊಂಡು ದಾದಿಯ ಮಡಿಲಲ್ಲಿ ಕುಂತಳಕ್ಕೆ ಬರುತ್ತದೆ. ದಾದಿಯೂ ಸತ್ತು ಬೀದಿಯ ಪಾಲಾಗುತ್ತದೆ. ಈ ಹುಡುಗ ಮುಂದೆ ಆಳುತ್ತಾನೆಂಬ ಮಾತು ಕೇಳಿದ ಮಂತ್ರಿ ಕೊಲ್ಲಲು ಕಟುಕರನ್ನು ಕಳಿಸುತ್ತಾನೆ. ಅವರು ಮರುಗಿ ಕಾಲಿನ ಆರನೆಯ ಬೆರಳನ್ನಷ್ಟೇ ಕತ್ತರಿಸಿ ಒಯ್ಯುತ್ತಾರೆ. ಬೆಳೆದ ಚಂದ್ರಹಾಸನ ಕೈಯಲ್ಲೇ ‘ವಿಷ’ ಕೊಡಿಸುವ ಓಲೆಯನ್ನು ಮಂತ್ರಿ ಕಳಿಸಿದಾಗ, ಅವನ ಮಗಳು ಕಣ್ಣಿನ ಕಾಡಿಗೆಯಿಂದ ಒಂದಕ್ಷರ ತಿದ್ದಿ ಅದನ್ನು ‘ವಿಷಯೆ’ ಎಂಬ ತನ್ನ ಹೆಸರಾಗಿ ಮಾಡುತ್ತಾಳೆ. ಈ ಕಥೆಯಲ್ಲಿ ಮಗುವಿನ ಮೈಮೇಲೆಯೇ ರಾಜ್ಯ ಬರೆದಿದೆ. ಆರನೆಯ ಬೆರಳನ್ನು ಕತ್ತರಿಸಿದರೆ ಲಕ್ಷಣ ಹೋಗುತ್ತದೆ, ಹಣೆಬರಹ ಹೋಗುವುದಿಲ್ಲ. ಇದನ್ನು ಕೇಳಿ ಬೆಳೆದವರು ಅರಸುಮಗು ಕೊನೆಗೆ ಸಿಂಹಾಸನಕ್ಕೆ ಮರಳಲೇಬೇಕೆಂದು ಕಾಯುತ್ತಾರೆ. ನಮ್ಮ ಲೇಖಕಿ ಮಕ್ಕಳನ್ನು ಸುರಂಗದಿಂದ ಹೊರಗೆ ಕಳಿಸಿ ಕಥೆ ನಿಲ್ಲಿಸಿದಾಗ ಅವರಿಗೆ ಆದ ನಿರಾಶೆ ಆ ಹಳೆಯ ಕಾಯುವಿಕೆಯದು. ಇದೇ ಮುಕ್ತಾಯ ಕಾನೂನಿನ ವಿದ್ಯಾರ್ಥಿಗೆ ಮೆಚ್ಚಿಗೆಯಾಯಿತು: ಪಟ್ಟವನ್ನು ಬಿಟ್ಟು ಹೋದಾಗಲೇ ಅವರು ಮಕ್ಕಳಾದರು ಎಂದು ಅವನು ಹೇಳಿದ ಮಾತನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ.

ನದಿ ಮಾತಾಡುವುದು ಹೇಗೆ, ಅದನ್ನು ನಂಬುವುದು ಹೇಗೆ ಎಂಬ ಪ್ರಶ್ನೆಯೂ ಅಂದು ಬಂತು. ಸುಮಾರು ಸಾವಿರ ವರ್ಷಗಳ ಹಿಂದೆ ಕಾಶ್ಮೀರದ ಅಭಿನವಗುಪ್ತ ನಾಟ್ಯಶಾಸ್ತ್ರದ ವ್ಯಾಖ್ಯಾನದಲ್ಲಿ ರಸಾನುಭವಕ್ಕೆ ಅಡ್ಡಬರುವ ಏಳು ವಿಘ್ನಗಳನ್ನು ಹೇಳುತ್ತಾನೆ. ಮೊದಲನೆಯದು ಸಂಭಾವನೆಯ ಕೊರತೆ; ಇದು ನಡೆಯಲಾರದು ಎನ್ನಿಸಿದ ಕಡೆ ಮನಸ್ಸು ನಿಲ್ಲುವುದಿಲ್ಲ. ಅಸಾಮಾನ್ಯ ಘಟನೆಗಳನ್ನು ಹೇಳುವಾಗ ಜನಮನದಲ್ಲಿ ಆಗಲೇ ಬೇರುಬಿಟ್ಟ ಪ್ರಸಿದ್ಧ ನಾಯಕರನ್ನು ಆರಿಸಿಕೊಳ್ಳಬೇಕು ಎಂಬುದು ಅವನು ಸೂಚಿಸುವ ಪರಿಹಾರ. ಎರಡನೆಯ ವಿಘ್ನ, ಇದು ನನ್ನದು, ಇದು ಪರರದು ಎಂಬ ದೇಶಕಾಲಗಳ ಕಟ್ಟಿನಲ್ಲೇ ಸಿಕ್ಕಿಕೊಳ್ಳುವುದು. ಮೂರನೆಯದು ತನ್ನ ಸ್ವಂತ ಸುಖದುಃಖಗಳಿಗೆ ವಶವಾಗಿ ಕೂತಿರುವುದು. ಇವೆಲ್ಲ ಸರಿದಾಗ ಕಥೆಯ ದುಃಖ ಯಾರೊಬ್ಬರದೂ ಆಗದೆ ಎಲ್ಲರದೂ ಆಗುತ್ತದೆ. ನಮ್ಮ ಕಾವ್ಯಮೀಮಾಂಸೆ ಇದನ್ನು ಸಾಧಾರಣೀಕರಣ ಎನ್ನುತ್ತದೆ.

ಅದ್ಭುತ ಕಥೆಗಳ ವಿಚಾರದಲ್ಲಿ ಈ ಮಾತುಗಳನ್ನು ಸ್ವಲ್ಪ ನಿಧಾನವಾಗಿ ಯೋಚಿಸಬೇಕು. ಹೆಸರಿಲ್ಲದ ನಡುಗಡ್ಡೆಯಲ್ಲಿ ಕಥೆ ಇಟ್ಟರೆ ಎರಡನೆಯ ವಿಘ್ನ ಹಗುರಾಗುತ್ತದೆ. ಶ್ರೀರಂಗಪಟ್ಟಣವೆಂದು ಹೆಸರಿಟ್ಟು ಬರೆದಿದ್ದರೆ ನಮ್ಮ ಬಳಗದ ಅರ್ಧ ಹೊತ್ತು ಒಡೆಯರ ಪರ, ಸುಲ್ತಾನರ ಪರ ವಾದದಲ್ಲೇ ಕಳೆಯುತ್ತಿತ್ತು. ಇಲ್ಲಿ ಎಲ್ಲರೂ ಒಂದೇ ಮಗುವಿನ ಮುಂದೆ ಕೂತರು. ಆದರೆ ಹೆಸರು ತೆಗೆದೊಡನೆ ಮೊದಲ ವಿಘ್ನ ತಲೆಯೆತ್ತುತ್ತದೆ, ಏಕೆಂದರೆ ಪ್ರಸಿದ್ಧ ನಾಯಕನ ಆಸರೆ ತಪ್ಪಿಹೋಗಿದೆ. ಅದನ್ನು ದಾಟಲು ಲೇಖಕಿ ಮಾಡಿದ್ದು ಬಹಳ ಸರಳ ಕೆಲಸ: ನದಿಯ ಮಾತನ್ನು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿ, ತೂಬು, ನಾಲೆ, ಕಂದಾಯ, ನೂಲು ಸುತ್ತಿದ ಉಂಗುರ ಇವನ್ನು ವಿವರವಾಗಿ ಬರೆದರು. ತೂಬಿನ ಹಲಗೆ ನೀರಿನ ಒತ್ತಡಕ್ಕೆ ಬಿಗಿಯುವುದನ್ನು ಓದಿದ ರೈತರು, ಇದು ಬರೆದವರಿಗೆ ನಾಲೆ ಗೊತ್ತು ಎಂದು ತಲೆದೂಗಿದರು; ಆಮೇಲೆ ನದಿ ಮಾತಾಡಿದ್ದಕ್ಕೆ ಅವರು ಆಕ್ಷೇಪವನ್ನೇ ಎತ್ತಲಿಲ್ಲ. ಅದ್ಭುತವನ್ನು ಹೊರುವುದು ಅದರ ಸುತ್ತಲಿನ ವಾಸ್ತವ. ಅಲ್ಲಿ ಒಂದು ತಪ್ಪಿದರೆ ಓದುಗ ನದಿಯನ್ನೂ ನಂಬುವುದಿಲ್ಲ.

ನಾವು ಅದ್ಭುತವನ್ನು ರಾಜಕೀಯದ ಹೊರಗಿಟ್ಟು ನೋಡುವುದೂ ಸರಿಯಲ್ಲ. ‘ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದೆ ಹೋಗಲಿ’ ಎಂಬ ಅಲಮೇಲಮ್ಮನ ಶಾಪ ಈ ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ? 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಿಂದ ಶ್ರೀರಂಗಪಟ್ಟಣವನ್ನು ಪಡೆದ ಸಂದರ್ಭಕ್ಕೆ ಸೇರಿಕೊಂಡ ಐತಿಹ್ಯ ಅದು. ಒಡವೆಗಳನ್ನು ಕೇಳಿ ಬೆನ್ನಟ್ಟಿದಾಗ ಆ ಪ್ರತಿನಿಧಿಯ ಪತ್ನಿ ಕಾವೇರಿಗೆ ಹಾರುತ್ತಾ ಆಡಿದ ಮಾತೆಂದು ಜನ ಹೇಳುತ್ತಾರೆ. ಶಾಪದ ಮೂರನೆಯ ತುಂಡನ್ನು ಗಮನಿಸಬೇಕು. ಅಧಿಕಾರ ಕೈಬದಲಾದುದಕ್ಕೆ ಶಿಕ್ಷೆ ಬೀಳುವುದು ಇನ್ನೂ ಹುಟ್ಟದ ಮಗುವಿನ ಮೇಲೆ. ಚಾಮರಾಜೇಂದ್ರ ಒಡೆಯರಿಗೆ ಮಕ್ಕಳಿದ್ದರು, ಆದ್ದರಿಂದ ಶಾಪವನ್ನು ಅಕ್ಷರಶಃ ತೆಗೆದುಕೊಂಡರೆ ಇತಿಹಾಸ ಒಪ್ಪುವುದಿಲ್ಲ. ಜನ ಅದನ್ನು ಒಂದು ತಲೆಮಾರು ಬಿಟ್ಟು ಒಂದು ತಲೆಮಾರಿಗೆ ಎಂದು ತಿದ್ದಿಕೊಂಡರು. ನಾಲ್ವಡಿಯವರಿಗೆ ಮಕ್ಕಳಿಲ್ಲದೆ 1940ರಲ್ಲಿ ಅವರ ತಮ್ಮನ ಮಗ ಜಯಚಾಮರಾಜ ಒಡೆಯರು ಪಟ್ಟಕ್ಕೆ ಬಂದದ್ದು ಆ ನಂಬಿಕೆಗೆ ಬಲ ಕೊಟ್ಟಿತು. ಕೇಳುಗರು ಕಥೆಯನ್ನು ಬಿಟ್ಟುಕೊಡದೆ ಅದರ ನಿಯಮವನ್ನು ತಾವೇ ಬದಲಿಸಿದ ಉದಾಹರಣೆಯಿದು. ಗೆದ್ದವರ ನಗರದಲ್ಲಿಯೇ ಸೋತವಳ ಮಾತು ನಾಲ್ಕು ಶತಮಾನ ಬದುಕಿದ್ದರ ಹಿಂದೆ ಜನರ ನ್ಯಾಯಪ್ರಜ್ಞೆಯೊಂದು ಕೆಲಸ ಮಾಡಿದೆಯೆಂದು ನಾನು ತಿಳಿದಿದ್ದೇನೆ.

ಮಗುವನ್ನು ನೋಡಿ ಮರುಗುವುದು ಸಹಜ, ಆದರೆ ಆ ಮರುಕವನ್ನು ಯಾರು ಬಳಸಿಕೊಳ್ಳುತ್ತಾರೆ ಎಂಬುದನ್ನೂ ಓದುಗರು ಕೇಳಬೇಕಾಗುತ್ತದೆ. 1792ರಲ್ಲಿ ಮೂರನೆಯ ಮೈಸೂರು ಯುದ್ಧ ಮುಗಿದಾಗ ಟಿಪ್ಪು ತನ್ನ ರಾಜ್ಯದ ಸುಮಾರು ಅರ್ಧವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಯನ್ನೂ ಒಪ್ಪಿಸಬೇಕಾಯಿತು. ಆ ಮಾತು ನಡೆಯುವವರೆಗೆ ಅಬ್ದುಲ್ ಖಾಲಿಕ್ ಮತ್ತು ಮುಯಿಜುದ್ದೀನ್ ಎಂಬ ಇಬ್ಬರು ಎಳೆಯ ಮಕ್ಕಳನ್ನು ಫೆಬ್ರವರಿ ಕೊನೆಯಲ್ಲಿ ಇಂಗ್ಲಿಷ್ ಸೇನಾಪತಿ ಕಾರ್ನ್‌ವಾಲಿಸ್‌ನ ಕೈಗೆ ಒತ್ತೆಯಾಗಿ ಕೊಟ್ಟ. ಅವರು ಮರಳಿದ್ದು 1794ರಲ್ಲಿ. ಇಂಗ್ಲಿಷ್ ಸೈನ್ಯದೊಡನೆ ಬಂದಿದ್ದ ರಾಬರ್ಟ್ ಹೋಮ್ ಮತ್ತು ಇತರ ಕಲಾವಿದರು ಆ ಕ್ಷಣವನ್ನು ಮತ್ತೆ ಮತ್ತೆ ಚಿತ್ರಿಸಿದರು. ಬಿಳಿಯ ಉಡುಪಿನ ಪುಟ್ಟ ಮಕ್ಕಳು, ಅವರತ್ತ ತಂದೆಯಂತೆ ಕೈಚಾಚಿದ ಸೇನಾಪತಿ. ಅದರ ಅಚ್ಚುಗಳು ಇಂಗ್ಲೆಂಡಿನಲ್ಲಿ ಮನೆಮಾತಾದವು. ಆ ಚಿತ್ರದ ನೋಡುಗ ಮಕ್ಕಳ ಬಗ್ಗೆ ಮರುಗುತ್ತಲೇ ಅವರನ್ನು ತಂದೆಯಿಂದ ಬೇರ್ಪಡಿಸಿದವನನ್ನು ದಯಾಳುವೆಂದು ಒಪ್ಪಿಕೊಂಡುಬಿಡುತ್ತಾನೆ. ಅದೇ ದೃಶ್ಯವನ್ನು ಶ್ರೀರಂಗಪಟ್ಟಣದ ಕೋಟೆಯ ಒಳಗಿನಿಂದ, ಮಕ್ಕಳನ್ನು ಕಳಿಸಿಕೊಡುವವರ ಕಡೆಯಿಂದ ಚಿತ್ರಿಸಿದ್ದರೆ ಅಷ್ಟೇ ಕರುಣೆ ಬೇರೆಯದೇ ತೀರ್ಪನ್ನು ಕೊಡುತ್ತಿತ್ತು. 1799ರ ನಂತರ ಟಿಪ್ಪುವಿನ ಮಕ್ಕಳನ್ನು ವೆಲ್ಲೂರಿನಲ್ಲಿರಿಸಿದರು, 1806ರ ಜುಲೈಯಲ್ಲಿ ಅಲ್ಲಿನ ಸಿಪಾಯಿಗಳು ದಂಗೆಯೆದ್ದ ಬಳಿಕ ಇನ್ನೂ ದೂರದ ಕಲ್ಕತ್ತೆಗೆ ಸಾಗಿಸಿದರು. ಬೆಳೆದ ಮೇಲೂ ಅವರು ಮನುಷ್ಯರಾಗಿ ಎಣಿಕೆಗೆ ಬಂದದ್ದಕ್ಕಿಂತ ಸಿಂಹಾಸನದ ಭಯವಾಗಿ ಬಂದದ್ದೇ ಹೆಚ್ಚು.

ಇದನ್ನು ಹೇಳಿದಾಗ ನಮ್ಮ ಶಿಕ್ಷಕಿಯವರು ನೊಂದರು; ತಮ್ಮ ಕಣ್ಣೀರನ್ನು ತಪ್ಪೆಂದು ಹೇಳುತ್ತಿದ್ದೇವೆಂದು ಅವರಿಗೆ ಅನ್ನಿಸಿತು. ಹಾಗಲ್ಲ. ಕರುಣೆ ತಪ್ಪಲ್ಲ, ಅದು ಒಂದೇ ಜಾಗದಲ್ಲಿ ನಿಂತರೆ ಸಾಲದು. ಕಥೆ ಯಾರ ಕಣ್ಣಿನಿಂದ ಹೇಳಿದೆಯೋ ಅವರ ನೋವಿಗೆ ನಾವು ಹತ್ತಿರವಾಗುತ್ತೇವೆ. ಹೆಸರು, ಆಟಿಕೆ, ಹಾಸಿಗೆ, ಅಮ್ಮನ ನೆನಪು ಇರುವವರ ಸಾವು ನಮಗೆ ಸಾವಾಗಿ ತಟ್ಟುತ್ತದೆ, ಉಳಿದವರದು ಸುದ್ದಿಯಾಗಿ ದಾಟಿಹೋಗುತ್ತದೆ. ರೈತರ ಪ್ರಶ್ನೆ ಇಲ್ಲಿಗೆ ಗುರಿಯಿಟ್ಟಿತ್ತು. ಅವರ ಊರಿನ ಕಡೆ ದಂಗೆ, ಚಳವಳಿ ಎಂಬ ಪದಗಳು ಪುಸ್ತಕದವಲ್ಲ. ಈಗ ವಿಶ್ವೇಶ್ವರಯ್ಯ ನಾಲೆ ಎನ್ನುವ ಇರ್ವಿನ್ ನಾಲೆಯ ತೆರಿಗೆಯ ವಿರುದ್ಧ 1930ರ ದಶಕದ ಆರಂಭದಲ್ಲಿ ಮಂಡ್ಯದ ರೈತರು ಎದ್ದ ಸಂಗತಿಯನ್ನು, 1938ರ ಏಪ್ರಿಲಿನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ನಡೆದ ಧ್ವಜ ಸತ್ಯಾಗ್ರಹವನ್ನು ಮನೆಯ ಹಿರಿಯರಿಂದಲೇ ಕೇಳಿ ತಿಳಿದವರು ಅವರು. ನಾಲೆ ತಂದ ದೊರೆಯ ಮೇಲೆ ಭಕ್ತಿ, ನಾಲೆಗೆ ಹಾಕಿದ ತೆರಿಗೆಯ ಮೇಲೆ ಸಿಟ್ಟು, ಎರಡೂ ಒಂದೇ ಎದೆಯಲ್ಲಿ ಇರಲು ಸಾಧ್ಯವೆಂಬುದನ್ನು ಮಂಡ್ಯದವರಿಗೆ ಯಾರೂ ಕಲಿಸಬೇಕಾಗಿಲ್ಲ. ಬಹುಶಃ ಅದಕ್ಕೇ ಅವರು ಶಿಕ್ಷಕಿಯ ಕಡೆಗೂ ವಿದ್ಯಾರ್ಥಿಯ ಕಡೆಗೂ ಸೇರದೆ ಮೂರನೆಯ ಮನುಷ್ಯನನ್ನು ಕೇಳಿದರು.

ಮೈಸೂರಿನ ಒಂದು ವೃತ್ತದ ಹೆಸರು ನನಗೆ ಆಗ ನೆನಪಾಯಿತು. 1947ರ ಆಗಸ್ಟ್ ಹದಿನೈದು ಕಳೆದ ಮೇಲೂ ಮೈಸೂರು ಸಂಸ್ಥಾನದಲ್ಲಿ ಜವಾಬ್ದಾರಿ ಸರಕಾರ ಬಂದಿರಲಿಲ್ಲ. ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ಚಳವಳಿ ಎದ್ದಿತು, ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ನೇತೃತ್ವದ ಜನರ ಸರಕಾರ ಅಧಿಕಾರಕ್ಕೆ ಬರುವುದರೊಂದಿಗೆ ಅದು ಮುಗಿಯಿತು. ಈ ನಡುವೆ ಮೈಸೂರಿನ ಬೀದಿಯಲ್ಲಿ ರಾಮಸ್ವಾಮಿ ಎಂಬ ವಿದ್ಯಾರ್ಥಿ ಗುಂಡಿಗೆ ಬಲಿಯಾದ. ಆ ಜಾಗವನ್ನು ನಾವು ರಾಮಸ್ವಾಮಿ ವೃತ್ತ ಎನ್ನುತ್ತೇವೆ. ಬಸ್ಸಿನಲ್ಲಿ ಇಳಿಯುವಾಗ, ಆಟೋ ಕರೆಯುವಾಗ ದಿನಕ್ಕೆ ಸಾವಿರಾರು ಜನ ಆ ಹೆಸರು ಹೇಳುತ್ತಾರೆ. ಅಲ್ಲಿಂದ ಸ್ವಲ್ಪ ದೂರದಲ್ಲೇ, ಒಂದು ಕಾಲದಲ್ಲಿ ಐದು ತುಂಬದ ಮಗುವನ್ನು ಪಟ್ಟಕ್ಕೆ ಕೂರಿಸಿದ ಕೋಟೆ. ಅರಸುಮಗುವಿನ ಕಥೆ ಬರೆಯುವವರಿಗೆ ಈ ಊರು ಎರಡು ಹೆಸರುಗಳನ್ನೂ ಕೊಟ್ಟಿದೆ.

ಲೇಖಕಿ ಅಂದು ಯಾರಿಗೂ ಉತ್ತರ ಹೇಳಲಿಲ್ಲ, ಹಸ್ತಪ್ರತಿಯ ಅಂಚಿನಲ್ಲಿ ಎಲ್ಲವನ್ನೂ ಬರೆದುಕೊಂಡರು. ಮುಂದಿನ ತಿಂಗಳು ಎರಡು ಕಡೆ ತಿದ್ದಿ ತಂದಿದ್ದರು. ಮಲಗಿಸುವವರು ಯಾರೆಂದು ಕೇಳಿದ ಹುಡುಗಿಗಾಗಿ ಒಂದು ಪುಟ್ಟ ದೃಶ್ಯ ಸೇರಿತ್ತು: ಅಡುಗೆಮನೆಯ ಹೆಂಗಸೊಬ್ಬಳು ಪಟ್ಟದ ಹುಡುಗನ ಬೆರಳಿನಿಂದ ಉಂಗುರ ತೆಗೆದು, ನೂಲು ಕೊರೆದ ಗುರುತಿಗೆ ಹರಳೆಣ್ಣೆ ಹಚ್ಚಿ ಮಲಗಿಸುತ್ತಾಳೆ. ತೂಬಿನ ಬಳಿ ಸತ್ತವನಿಗೆ ಹೆಸರು ಬಂದಿತ್ತು. ಅವನು ಆ ಹೆಂಗಸಿನ ಮಗ. ಮಾರನೆಯ ರಾತ್ರಿ ಉಂಗುರ ತೆಗೆಯಲು ಅವಳು ಬರುವುದಿಲ್ಲ, ಹುಡುಗ ಎಚ್ಚರವಾಗಿ ಕಾಯುತ್ತಾನೆ. ಹುಡುಗ ಕೋಟೆ ಬಿಡಲು ಒಪ್ಪಿದ್ದೇಕೆ ಎಂಬುದು ಹಿಂದಿನ ಪ್ರತಿಯಲ್ಲಿ ಯಾರಿಗೂ ಸ್ಪಷ್ಟವಿರಲಿಲ್ಲ. ಓದು ಮುಗಿದ ಮೇಲೆ ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಮದ್ದೂರಿನವರು ಮೊದಲು ಕೇಳಿದರು: “ಹೆಸ್ರು ಆಯ್ತು ಕಣಮ್ಮ. ಅವನ್ದು ಯಾವೂರು?”